ಗ್ರಾಮಾಡಳಿತವೂ ಅಕ್ಷರವಿದ್ಯೆಯೂ

ರಾಜ್ಯಗಳು ಹುಟ್ಟಿ ಅಳಿದರೂ ಊರು ಉಳಿಯುವುದು. ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ವಿಜಯನಗರದ ಅರಸರು ಒಬ್ಬರಾದ ಮೇಲೊಬ್ಬರು ಕನ್ನಡನಾಡನ್ನು ಆಳಿದರು. ಆದರೆ ರಾಜಧಾನಿಗೆ ಹತ್ತಾರು ಹರದಾರಿ ದೂರದ ಸಣ್ಣ ಹಳ್ಳಿಯ ಒಕ್ಕಲಿಗನ ಕಣ್ಣಿಗೆ ಬಿದ್ದ ಪ್ರಭುತ್ವವೆಂದರೆ ಊರ ಗೌಡನೂ ಲೆಕ್ಕ ಬರೆಯುವವನೂ ಮಾತ್ರ. ಶಾಸನಗಳಲ್ಲಿ ಗಾವುಂಡ, ಸೇನಬೋವ ಎಂಬ ಹೆಸರುಗಳು ಮೇಲಿಂದ ಮೇಲೆ ಬರುವುವು. ಸೇನಬೋವನೇ ಕಾಲಕ್ರಮದಲ್ಲಿ ಶಾನಭೋಗನೆನಿಸಿದನು. ಉತ್ತರದ ಜಿಲ್ಲೆಗಳಲ್ಲಿ ಅದೇ ಕೆಲಸದವನಿಗೆ ಕುಲಕರ್ಣಿಯೆಂಬ ಹೆಸರು ನಿಂತಿತು.

ಈ ಏರ್ಪಾಡಿನಲ್ಲಿ ದೊಡ್ಡದೊಂದು ಗುಣವಿದ್ದಿತು. ಗೌಡನು ಕಂದಾಯವೆತ್ತುವನು, ತಳವಾರನು ಊರು ಕಾಯುವನು, ನೀರಗಂಟಿಯು ಕೆರೆಯ ನೀರನ್ನು ಸರದಿಯಂತೆ ಹಂಚುವನು. ಇವರಿಗೆ ಸಂಬಳ ದೂರದಿಂದ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದಲೇ ಆಯ ಸಲ್ಲುತ್ತಿತ್ತು, ಮಾನ್ಯದ ಭೂಮಿಯೂ ಇರುತ್ತಿತ್ತು. ಆದುದರಿಂದಲೇ ಆಯಗಾರರೆಂದು ಹೆಸರು. ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವೇ ಕಡತವು, ಬರೆಯುವುದು ಬಳಪದಿಂದ. ತಂದೆಯ ಮಗ್ಗುಲಲ್ಲಿ ಕುಳಿತ ಮಗನು ಹೊಲಗಳ ಎಲ್ಲೆ, ಕಂದಾಯದ ಬಾಕಿ, ಇನಾಮಿನ ವಿವರ ಎಲ್ಲವನ್ನೂ ಬಾಯಿಪಾಠವಾಗಿ ಕಲಿಯುತ್ತಿದ್ದನು. ಯಾವ ತರಬೇತಿಯ ಶಾಲೆಯೂ ಇಲ್ಲದ ಕಾಲದಲ್ಲಿ ಆಡಳಿತದ ಜಾಣ್ಮೆಯು ಕುಗ್ರಾಮಗಳಲ್ಲಿಯೂ ಉಳಿದು ಬಂದುದು ಹೀಗೆ.

ಆದರೆ ಗುಣವಿದ್ದಲ್ಲಿಯೇ ದೋಷವೂ ಇದ್ದಿತು. ಬಳಪದ ಬರಹವನ್ನು ಅಳಿಸಿ ಮತ್ತೆ ಬರೆಯಬಹುದು. ಓದುಬಾರದ ರೈತನು ತಾನು ಕೊಟ್ಟ ಹಣವು ಕಡತದಲ್ಲಿ ಏರಿತೋ ಇಲ್ಲವೋ ಎಂಬುದನ್ನು ಹೇಗೆ ಅರಿತಾನು? ಪೇಶವೆಯವರ ಆಳಿಕೆಗೆ ಒಳಪಟ್ಟ ಪ್ರದೇಶಗಳ ಅನೇಕ ಊರುಗಳಲ್ಲಿ ದಫ್ತರವು ಮೋಡಿ ಲಿಪಿಯಲ್ಲಿದ್ದುದರಿಂದ, ಕನ್ನಡ ಬಲ್ಲವನಿಗೂ ಅದು ಕಗ್ಗಂಟೇ ಆಗಿತ್ತು. ಈ ದೋಷವನ್ನು ಒಂದೇ ಜಾತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಗೌಡಿಕೆಯು ಎಷ್ಟೋ ಲಿಂಗವಂತ ಮನೆತನಗಳಲ್ಲಿಯೂ ವಂಶಪಾರಂಪರ್ಯವಾಗಿದ್ದಿತು. ವಿದ್ಯೆಯೂ ಅಧಿಕಾರವೂ ಹುಟ್ಟಿನಿಂದಲೇ ಬರುವುವೆಂಬ ನಂಬಿಕೆಯೇ ಇಲ್ಲಿಯ ರೋಗವು.

ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರು ಲೆಕ್ಕಪತ್ರದ ಕಾಯಕವನ್ನು ಕೀಳೆಂದು ಬಗೆಯಲಿಲ್ಲ. ಪರರ ಹಣವನ್ನು ಕಾಯುವವನ ಶುಚಿತ್ವವನ್ನೇ ಧರ್ಮವಾಗಿ ನಡೆದು ತೋರಿಸಿದರು. ಆ ಬೆಳಕು ಗ್ರಾಮದ ಕಚೇರಿಯನ್ನು ಮುಟ್ಟಬೇಕಾದರೆ ಅಕ್ಷರವು ಮನೆಮನೆಗೆ ಹೋಗಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಧಾರವಾಡದ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು. ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯೂ ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಯೂ ಹುಟ್ಟಿದುವು. ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳೂ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳೂ ಬಡ ಮಕ್ಕಳಿಗೆ ಅನ್ನವಿಟ್ಟು ಓದಿಸಿದರು. ಮಠದ ದಾಸೋಹವು ಹೊಟ್ಟೆಯನ್ನು ಮಾತ್ರ ತುಂಬಿಸಲಿಲ್ಲ. ಊರ ಲೆಕ್ಕವನ್ನು ಓದಬಲ್ಲ ಕಣ್ಣುಗಳನ್ನೂ ತೆರೆಯಿಸಿತು.

ಸರಕಾರದ ಕಾಯಿದೆಗಳೂ ಬೆನ್ನುಹತ್ತಿ ಬಂದುವು. ಮುಂಬಯಿ ಪ್ರಾಂತದಲ್ಲಿ ೧೯೨೦ರಲ್ಲಿ, ಮೈಸೂರು ಸಂಸ್ಥಾನದಲ್ಲಿ ೧೯೨೬ರಲ್ಲಿ ಗ್ರಾಮಪಂಚಾಯತಿಯ ಕಾನೂನುಗಳಾದುವು. ಏಕೀಕರಣವಾದ ಮೇಲೆ ೧೯೫೯ರ ಕಾಯಿದೆಯು ನಾಡಿಗೆಲ್ಲ ಒಂದೇ ಕಟ್ಟನ್ನು ಮಾಡಿತು. ೧೯೬೧ರ ಗ್ರಾಮಾಧಿಕಾರ ರದ್ದತಿಯ ಕಾಯಿದೆಯಿಂದ ಪಟೇಲಿಕೆ, ಶಾನಭೋಗಿಕೆಗಳ ವಂಶದ ಹಕ್ಕು ಅಳಿಯಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಇದು ನ್ಯಾಯದ ಹೆಜ್ಜೆಯೇ ಸರಿ. ಆದರೂ ವರ್ಗವಾಗುತ್ತಲಿರುವ ನೌಕರನಿಗೆ ಹಳೆಯ ಎಲ್ಲೆಕಟ್ಟುಗಳ ನೆನಪು ಎಲ್ಲಿಂದ ಬರಬೇಕು? ಮನೆತನದ ಅನ್ಯಾಯವು ಹೋಗುವಾಗ ಮನೆತನದ ಅರಿವೂ ಬಹುಮಟ್ಟಿಗೆ ಅದರೊಡನೆ ಹೋಯಿತು.

ಆ ಬರಿದಾದ ಸ್ಥಾನವನ್ನು ತುಂಬಬೇಕಾದವರು ಊರವರೇ. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ೧೯೮೩ರ ಕಾಯಿದೆಯು ರೂಪುಗೊಂಡು, ೧೯೮೭ರಲ್ಲಿ ಚುನಾವಣೆಗಳು ನಡೆದು ಮಂಡಲ ಪಂಚಾಯತಿಗಳು ಏರ್ಪಟ್ಟುವು. ಸ್ತ್ರೀಯರಿಗೆ ನಾಲ್ಕರಲ್ಲೊಂದು ಪಾಲು ಮೀಸಲಾಯಿತು. ೧೯೯೩ರ ಕಾಯಿದೆಯು ಅದನ್ನು ಮೂರರಲ್ಲೊಂದಕ್ಕೆ ಏರಿಸಿತು. ಮುಂದೆ ಅರ್ಧಕ್ಕೆ ಏರಿತು. ಸದಸ್ಯರಿಗೂ ನೌಕರರಿಗೂ ಶಿಕ್ಷಣ ಕೊಡಲು ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನ ಸಂಸ್ಥೆಯಿರುವುದು. ಗ್ರಾಮಸಭೆಯೂ ಜಮಾಬಂದಿಯೂ ಊರಲೆಕ್ಕವನ್ನು ಊರವರೆದುರಿಗೆ ಬಿಚ್ಚಿಡುವ ಸಾಧನಗಳು. ಕಡತವು ಈಗ ಒಬ್ಬರ ಬಗಲಲ್ಲಿಲ್ಲ.

ಆದರೆ ಬಿಚ್ಚಿಟ್ಟ ಲೆಕ್ಕವನ್ನು ಓದುವವರೇ ಬಾರದಿದ್ದರೆ ಅದು ಮುಚ್ಚಿಟ್ಟ ಲೆಕ್ಕಕ್ಕೆ ಸಮಾನವೇ ಸರಿ. ಜಾತ್ರೆಗೆ ನೆರೆಯುವ ಭಕ್ತರು ಗ್ರಾಮಸಭೆಗೂ ನೆರೆಯಬೇಕು. ರಥವನ್ನೆಳೆದ ಕೈಗಳು ಜಮಾಖರ್ಚಿನ ಹಾಳೆಗಳನ್ನೂ ತಿರುವಬೇಕು. ಪ್ರಶ್ನೆಯನ್ನು ವಿನಯದಿಂದ ಕೇಳಬೇಕು, ಉತ್ತರ ಬರುವವರೆಗೆ ಬಿಡಬಾರದು. ಮಠದ ಅನ್ನವುಂಡು ಓದಿದವನು ಪಟ್ಟಣಕ್ಕೆ ಹೋದರೂ ವರುಷಕ್ಕೊಮ್ಮೆಯಾದರೂ ತನ್ನೂರಿನ ಲೆಕ್ಕವನ್ನು ಓದಿ ಹಿರಿಯರಿಗೆ ತಿಳಿಯಹೇಳಿದರೆ, ಅದೂ ದಾಸೋಹವೇ. ಗುರುಕೃಪೆಯಿಂದ ಬಂದ ವಿದ್ಯೆಯು ಊರಿಗೆ ಸಂದಾಗಲೇ ಸಾರ್ಥಕವು.