‘ತೋಟದ ಸಣ್ಣ ಒಡ್ಡು ಒಡೆದರೂ ಅಪಾಯವಿಲ್ಲ’: ಇದು ನಿಜವೇ?

ವಜ್ರಳ್ಳಿಯಂಥ ಊರುಗಳಲ್ಲಿ ಅಡಿಕೆ ತೋಟಕ್ಕೆ ನೀರುಣಿಸಲು ಹಳ್ಳಕ್ಕೆ ಖಾಸಗಿ ಒಡ್ಡು ಕಟ್ಟುವುದುಂಟು. ‘ಸಣ್ಣದು, ಒಡೆದರೂ ಏನಾಗದು’ ಎಂಬ ಮಾತು ತಪ್ಪು. ಅಪಾಯವನ್ನು ನಿರ್ಧರಿಸುವುದು ಒಡ್ಡಿನ ಎತ್ತರವೊಂದೇ ಅಲ್ಲ. ಅದರ ಕೆಳಗೆ ಯಾರ ಮನೆಯಿದೆ ಎಂಬುದೂ ಮುಖ್ಯ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ 10 ಮೀಟರ್‌ಗಿಂತ ಕಡಿಮೆ ಎತ್ತರದವು ಬರುವುದಿಲ್ಲ. ಹಾಗಾಗಿ ನಿಗಾ ಮಾಲೀಕರೇ ಇಡಬೇಕು.

ಮಣ್ಣಿನ ಒಡ್ಡಿನ ಮೇಲೆ ನೀರು ಹರಿದರೆ ಅದು ಕೊಚ್ಚಿಹೋಗುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುನ್ನ ಕೋಡಿಯ ಕಸ ತೆಗೆಯಿರಿ, ಏಡಿ-ಹೆಗ್ಗಣಗಳ ಬಿಲ ಮುಚ್ಚಿ. ಕೆಳಬದಿಯಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಗಮನಿಸುತ್ತಿರಿ. ಕದಡಿ ಕೆಂಪಾಗಿದ್ದರೆ ಒಳಗಿನ ಮಣ್ಣು ಕೊರೆದುಹೋಗುತ್ತಿದೆ ಎಂದರ್ಥ: ಮೊದಲು ಕೆಳಗಿನ ಮನೆಯವರನ್ನು ಎಚ್ಚರಿಸಿ, ಆಮೇಲೆ ನೀರು ತಗ್ಗಿಸಿ.

ನಾವು ಹೇಳುವುದಿಷ್ಟೇ: ‘ಒಡ್ಡು ಒಡೆಯಿತು’ ಎಂಬ ಸಂದೇಶವನ್ನು ವಿಚಾರಿಸಿ ಹಂಚಿ, ‘ಸಣ್ಣದು, ಬಿಡಿ’ ಎಂಬುದನ್ನು ಹಂಚಲೇಬೇಡಿ.