ಕಾಲಿಗೊಪ್ಪದ ಜೋಡು

1960ನೆಯ ಇಸವಿ ಸೆಪ್ಟೆಂಬರ್ 10ನೆಯ ದಿನ ಸಾಯಂಕಾಲ ರೋಮ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟವು ನಡೆಯಿತು. 26 ಮೈಲಿ 385 ಗಜಗಳ ಆ ದಾರಿಯನ್ನು ಬರಿಗಾಲಿನಲ್ಲಿಯೇ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗುರಿಮುಟ್ಟಿ ಪ್ರಥಮನಾದವನು ಅಬೆಬೆ ಬಿಕಿಲಾ. ಇಥಿಯೋಪಿಯದ ಚಕ್ರವರ್ತಿಯ ಅಂಗರಕ್ಷಕ ಪಡೆಯ ಭಟ. ಬಡನಾಡಿನವನು, ಜೋಡು ಮೆಟ್ಟಿ ಅರಿಯನು ಎಂದು ಅನೇಕರು ಬಗೆದರು. ಸಂಗತಿಯು ಹಾಗಿರಲಿಲ್ಲ. ಅವನ ಹಳೆಯ ಜೋಡು ಸವೆದಿತ್ತು. ಹೊಸದು ಕಾಲಿಗೊಪ್ಪದೆ ಬೊಬ್ಬೆಗಳನ್ನೆಬ್ಬಿಸಿತು. ದೂರದ ಓಟದಲ್ಲಿ ಪಾದವು ಬಿಸಿಯೇರಿ ಊದಿಕೊಳ್ಳುವುದು; ನಿಂತಾಗ ಅಳತೆಗೆ ಸರಿಯೆಂದು ತೋರಿದ ಜೋಡೂ ಹತ್ತು ಮೈಲಿಗಳಾಚೆ ಬೆರಳುಗಳನ್ನು ಹಿಂಡಬಲ್ಲುದು. ಬರಿಗಾಲಿನ ಓಟ ಅವನಿಗೆ ಹೊಸತಲ್ಲ. ಒಗ್ಗದ ಜೋಡಿಗಿಂತ ಒಗ್ಗಿದ ಅಂಗಾಲೇ ಲೇಸೆನಿಸಿತು. 1935ರಲ್ಲಿ ಇಟಲಿಯು ದಂಡೆತ್ತಿಹೋದ ದೇಶದವನೊಬ್ಬನು ಇಟಲಿಯ ರಾಜಧಾನಿಯಲ್ಲಿಯೇ ಗೆದ್ದನೆಂಬ ಸೊಗಸಿನಲ್ಲಿ ಈ ಸಣ್ಣ ಕಾರಣವು ಮರೆಯಾಯಿತು. ಮರೆಯಾದುದು ಸಹಜವೇ, ಬೊಬ್ಬೆಯ ಮಾತು ಯಾರಿಗೆ ಬೇಕು?

ಮರುವರ್ಷ ಅವನು ಜಪಾನಿಗೆ ಬಂದಾಗ ಒನಿತ್ಸುಕಾ ಕಿಹಾಚಿರೊ ಎಂಬ ಜೋಡು ತಯಾರಕನು, ಇಲ್ಲಿನ ರಸ್ತೆಗಳಿಗೆ ಬರಿಗಾಲು ತಕ್ಕುದಲ್ಲವೆಂದು ಒಡಂಬಡಿಸಿ ತನ್ನ ಜೋಡನ್ನು ಕೊಟ್ಟನು. ಅದನ್ನು ಮೆಟ್ಟಿ ಓಡಿಯೂ ಬಿಕಿಲನು ಗೆದ್ದನು. 1964ರ ಅಕ್ಟೋಬರ್ 21ರಂದು ಟೋಕಿಯೋ ಒಲಿಂಪಿಕ್ಸಿನಲ್ಲಿ ಅವನ ಕಾಲಲ್ಲಿ ಬಿಳಿಯ ಜೋಡೂ ಕಾಲುಚೀಲವೂ ಇದ್ದುವು. ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಗಿ ಐದಾರು ವಾರಗಳಷ್ಟೇ ಕಳೆದಿದ್ದುವು. ಆದರೂ ರೋಮಿಗಿಂತ 3 ನಿಮಿಷಕ್ಕೂ ಹೆಚ್ಚು ಬೇಗನೆ, 2 ಗಂಟೆ 12 ನಿಮಿಷ 11 ಸೆಕೆಂಡುಗಳಲ್ಲಿ ಓಟವನ್ನು ಮುಗಿಸಿದನು. ಈ ಕೀರ್ತಿಯೆಲ್ಲ ಜೋಡಿಗೇ ಸಲ್ಲದು. ಆದರೆ ಈ ಸಲ ಜೋಡು ಅಡ್ಡಬರಲಿಲ್ಲ. ಎರಡನೆಯವನು ಗುರಿಮುಟ್ಟಲು ಇನ್ನೂ 4 ನಿಮಿಷಗಳಿರಲು, ಬಿಕಿಲನು ಮೈದಾನದ ಹುಲ್ಲಿನ ಮೇಲೆ ನಿಶ್ಚಿಂತನಾಗಿ ಅಂಗಸಾಧನೆ ಮಾಡುತ್ತಿದ್ದನು.