ಅಣ್ಣನ ಕಾವ್ಯ, ತಮ್ಮನ ಶಾಸನ

ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಮನೆಮನೆಯ ಮುಂದೆಯೂ ಆಯಾ ಮನೆತನದ ಹಿರಿಯರ ಹೆಸರುಗಳನ್ನು ಹೇಳುತ್ತಿದ್ದ ಹೆಳವರನ್ನು ನಮ್ಮ ಹಳ್ಳಿಗರು ಬಲ್ಲರು. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನರ ಗ್ರಂಥವು ಬಳ್ಳಾರಿ ಸೀಮೆಯ ಹೆಳವರನ್ನು ಊರುಗಳ ಚರಿತ್ರೆಯ ರಕ್ಷಕರೆಂದೇ ವರ್ಣಿಸಿದೆ. ೧೯೪೯ರಲ್ಲಿ ತಲೆಯೆತ್ತಿದ ರಾಜಾಜಿನಗರಕ್ಕೆ ನಾಡಿನ ನಾನಾ ಮೂಲೆಗಳಿಂದ ಸಂಸಾರಗಳು ಬಂದು ನೆಲಸಿದವು. ಹೆಳವರ ಎತ್ತು ಮಾತ್ರ ನಮ್ಮ ಬೀದಿಗೆ ಬರಲಿಲ್ಲ. ಆ ಕೆಲಸವನ್ನು ಈಗ ಅಂತರಜಾಲದ ವಂಶವೃಕ್ಷಗಳು ವಹಿಸಿಕೊಂಡಿವೆ.

ಮನೆತನದ ನೆನಪು ಒಬ್ಬನ ಬಳಿಯೇ ಪೂರ್ಣವಾಗಿರುವುದಿಲ್ಲ. ಇದಕ್ಕೆ ನಮ್ಮ ಆದಿಕವಿಯ ಮನೆಯೇ ಸಾಕ್ಷಿ. ಪಂಪನು ೯೪೧ರ ಸುಮಾರಿಗೆ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಪೂರ್ವಿಕರನ್ನು ಹೆಸರಿಸಿದ್ದಾನೆ. ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಜೈನಧರ್ಮವನ್ನು ಸ್ವೀಕರಿಸಿದ ಅಭಿರಾಮದೇವರಾಯ; ಈತನೇ ಕವಿಯ ತಂದೆ. ಇದು ಗಂಡುಮಕ್ಕಳ ಸಾಲು. ಹಾಗಾದರೆ ಹೆತ್ತ ತಾಯಿ ಯಾರು?

ಉತ್ತರ ದೊರೆತದ್ದು ತಮ್ಮನಿಂದ. ಇಂದಿನ ತೆಲಂಗಾಣದ ಕರೀಂನಗರ ಸೀಮೆಯಲ್ಲಿ, ಕುರ್ಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ, ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಶಾಸನವೊಂದನ್ನು ಬರೆಯಿಸಿದ್ದಾನೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ; ಆಕೆಯ ಕಡೆಯವರು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮನೆಯವರು. ಅಣ್ಣಿಗೆರೆ ಇಂದು ಧಾರವಾಡ ಜಿಲ್ಲೆಗೆ ಸೇರಿದೆ. ಪಂಪನ ತಂದೆಯ ಕಡೆಯ ನೆಲ ವೆಂಗಿ, ತಾಯಿಯ ಕಡೆಯ ನೆಲ ತಿರುಳ್ಗನ್ನಡದ ನಾಡು ಎಂಬುದು ಈ ಇಬ್ಬರ ಬರಹಗಳನ್ನೂ ಕೂಡಿಸಿ ಓದಿದಾಗಲಷ್ಟೇ ಸ್ಪಷ್ಟವಾಗುತ್ತದೆ.

ಆದರೆ ಕೂಡಿಸುವುದರಲ್ಲಿ ಅಪಾಯವೂ ಉಂಟು. ಕಲ್ಯಾಣದ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ೧೦೦೯ರ ಕೌಥೆಂ ತಾಮ್ರಶಾಸನವು ತಮ್ಮ ಕುಲದ ೫೯ ಮಂದಿ ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಹೇಳುತ್ತದೆ. ಬಾದಾಮಿಯ ಹಿಂದಿನ ಚಾಲುಕ್ಯರ ಶಾಸನಗಳಲ್ಲಿ ಈ ಕಥೆಯ ಸುಳಿವೇ ಇಲ್ಲ. ಹೊಗಳಿಕೆಗಾಗಿ ಸೇರಿಸಿದ ಹೆಸರು ಒಮ್ಮೆ ತಾಮ್ರಕ್ಕೇರಿತೆಂದರೆ, ಮುಂದಿನವರು ಅದನ್ನೇ ನಕಲು ಮಾಡುತ್ತಾರೆ.

ನಮ್ಮ ಮನೆಯಲ್ಲಿಯೂ ಇದೇ ನಡೆಯಿತು. ಅಣ್ಣನ ಮಗನು ಗಣಕಯಂತ್ರದಲ್ಲಿ ವಂಶವೃಕ್ಷವೊಂದನ್ನು ತೆರೆದು, ಒಂದೇ ಗುಪ್ತಪದವನ್ನು ಬಂಧುಗಳೆಲ್ಲರಿಗೂ ಹಂಚಿದನು. ಕೆಲವೇ ದಿನಗಳಲ್ಲಿ ನಮ್ಮ ಮುತ್ತಾತನಿಗೊಬ್ಬ ಪಾಳೆಯಗಾರ ತಂದೆ ಹುಟ್ಟಿಕೊಂಡನು! ಬರೆದವರು ಯಾರೆಂದು ಕೇಳಿದರೆ, ಎಲ್ಲರ ಹೆಸರೂ ಒಂದೇ ಆಗಿದ್ದುದರಿಂದ ಉತ್ತರವಿರಲಿಲ್ಲ. ಆ ಹೊತ್ತಿಗೆ ನನ್ನ ಅಜ್ಜಿಯ ತಾಯಿಯ ಹೆಸರಿನ ಸ್ಥಳ ಬರಿದಾಗಿಯೇ ಇತ್ತು. ಕೆಂಗೇರಿಯಲ್ಲಿರುವ ಸೋದರತ್ತೆಯವರು ಬಾಯಿಬಿಟ್ಟು ಹೇಳಿದ ಮೇಲೆ ಅದು ತುಂಬಿತು. ಅವರನ್ನು ಆವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆದುದರಿಂದ ಗುಪ್ತಪದವನ್ನು ಹಂಚುವುದಕ್ಕಿಂತ ಪ್ರತಿಯೊಬ್ಬರೂ ತಮ್ಮದೇ ಹೆಸರಿನಿಂದ ಪ್ರವೇಶಿಸುವುದು ಲೇಸು. ಫ್ಯಾಮಿಲಿಸರ್ಚ್‌ನಂಥ ವ್ಯವಸ್ಥೆಯಲ್ಲಿ ಯಾರು ಏನನ್ನು ತಿದ್ದಿದರೆಂಬುದು ದಾಖಲಾಗುತ್ತದೆ. ಬದುಕಿರುವವರ ಜನ್ಮದಿನ, ತಾಯಿಯ ತವರಿನ ಹೆಸರು ಮುಂತಾದವನ್ನು ಬೀದಿಗೆ ತರಬಾರದು. ಬ್ಯಾಂಕಿನ ಗುರುತಿಗೂ ಅವು ಬಳಕೆಯಾಗುವುದುಂಟು. ಪ್ರತಿ ಹೆಸರಿನ ಮುಂದೆ ‘ಹೇಳಿದವರು ಯಾರು’ ಎಂದು ಬರೆದಿಡಬೇಕು.

ಜಿನವಲ್ಲಭನು ಬಂಡೆಯ ಮೇಲೆ ತನ್ನ ಹೆಸರಿನಿಂದಲೇ ಮಾತನಾಡಿದನು. ಆದ್ದರಿಂದಲೇ ಸಾವಿರ ವರ್ಷ ಕಳೆದರೂ ಅಬ್ಬಣಬ್ಬೆ ನಮಗೆ ಅಪರಿಚಿತಳಲ್ಲ. ನಮ್ಮ ಮನೆಗಳ ಅಬ್ಬಣಬ್ಬೆಯರನ್ನು ಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಈ ಭಾನುವಾರವೇ ಹೋಗಿ ಕೇಳೋಣ.